ಶಿವಗಣಾರಾಧನೆ ಮುಗಿದ ಮೇಲಿನ ದಿನಗಳಿಗೆ: ಟೆಲಿ ಮಾನಸ್ 14416 ಸೇವೆಯ ವಿಮರ್ಶೆ

ಮನೆಯಲ್ಲಿ ಸಾವು ಸಂಭವಿಸಿದಾಗ ಉಳಿದವರು ತಮ್ಮ ದುಃಖವನ್ನು ಯಾರ ಬಳಿ ಹೇಳಿಕೊಳ್ಳಬೇಕು ಎಂಬ ಪ್ರಶ್ನೆಗೆ ದಾವಣಗೆರೆಯಂತಹ ಊರಿನಲ್ಲಿ ಸಿದ್ಧ ಉತ್ತರವೊಂದಿದೆ. ಬಂಧುಬಳಗವಿದೆ, ಓಣಿಯ ಜನರಿದ್ದಾರೆ, ಮಠವಿದೆ. ಈ ಉತ್ತರ ಸುಳ್ಳಲ್ಲ. ಆದರೆ ಅದು ಬಹುತೇಕ ಶಿವಗಣಾರಾಧನೆಯ ದಿನದವರೆಗೆ ಮಾತ್ರ ನಿಜವೆಂಬುದು ನನ್ನ ಭಾವನವರು ಹೃದಯಾಘಾತದಿಂದ ಲಿಂಗೈಕ್ಯರಾದ ನಂತರ ನಮ್ಮ ಕುಟುಂಬಕ್ಕೆ ಮನವರಿಕೆಯಾಯಿತು. ಆಮೇಲಿನ ತಿಂಗಳುಗಳಲ್ಲಿ ನನ್ನ ಅಕ್ಕ ಬಳಸಿಕೊಂಡ ಸೇವೆಯೊಂದರ ಬಗ್ಗೆ, ಅವಳ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇನೆ. ಅದು ಟೆಲಿ ಮಾನಸ್, ಅಂದರೆ 14416 ಎಂಬ ಐದಂಕಿಯ ಸಹಾಯವಾಣಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆಪ್ತರನ್ನು ಕಳೆದುಕೊಂಡು, ಮನೆ ಬರಿದಾದ ಮೇಲೆ ಮಾತನಾಡಲು ಯಾರೂ ಇಲ್ಲದೆ ಕುಳಿತವರಿಗೆ ಈ ಸಂಖ್ಯೆಯನ್ನು ನಾನು ಹಿಂಜರಿಕೆಯಿಲ್ಲದೆ ಕೊಡುತ್ತೇನೆ. ಅದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ.

ಈ ಸೇವೆಯನ್ನು ಹುಚ್ಚು ಹಿಡಿದವರಿಗಾಗಿ ಇರುವ ಸರಕಾರಿ ವ್ಯವಸ್ಥೆಯೆಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಮ್ಮ ಮನೆಯಲ್ಲಿಯೂ ಮೊದಲ ಆಕ್ಷೇಪಣೆ ಬಂದದ್ದು ಅದೇ ಕಾರಣಕ್ಕೆ. 2022ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮುಖ್ಯ ಕೇಂದ್ರವಾಗಿದೆ. ನಿದ್ದೆ ಬಾರದವರು, ಪರೀಕ್ಷೆಗೆ ಹೆದರಿದ ಮಕ್ಕಳು, ಕುಡಿತ ಬಿಡಲು ಬಯಸುವವರು, ಮನೆಯ ಜಗಳದಿಂದ ಬೇಸತ್ತವರು, ದುಃಖದಲ್ಲಿರುವವರು ಎಲ್ಲರೂ ಇದಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಎಲ್ಲ ಹೊತ್ತಿನಲ್ಲೂ ಲಭ್ಯವಿದೆ, ಕರೆಗೆ ಹಣವಿಲ್ಲ, ಕನ್ನಡವನ್ನು ಒಳಗೊಂಡು ಇಪ್ಪತ್ತು ಭಾಷೆಗಳಲ್ಲಿ ಮಾತನಾಡುವ ವ್ಯವಸ್ಥೆ ಇದೆ. ಕೀಪ್ಯಾಡ್ ಫೋನಿನಿಂದಲೂ ಕರೆ ಮಾಡಬಹುದು ಎಂಬುದನ್ನು ನಾನು ದೊಡ್ಡ ಗುಣವೆಂದು ಎಣಿಸುತ್ತೇನೆ, ಏಕೆಂದರೆ ಅಕ್ಕನ ಬಳಿ ಇರುವುದು ಅದೇ. ಸ್ಮಾರ್ಟ್‌ಫೋನ್ ಇರುವವರಿಗೆ 2024ರ ಅಕ್ಟೋಬರ್‌ನಿಂದ ಆ್ಯಪ್ ಕೂಡ ಬಂದಿದೆ.

ಸೇವೆಯ ಬೆಲೆ ತಿಳಿಯಬೇಕಾದರೆ ಅದಕ್ಕೆ ಮೊದಲಿನ ದಿನಗಳು ಹೇಗಿದ್ದವು ಎಂಬುದನ್ನು ಹೇಳಬೇಕು. ಭಾವನವರು ಎ.ಪಿ.ಎಂ.ಸಿ. ಯಾರ್ಡಿನಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದರು. ಅವರು ತೀರಿಕೊಂಡ ದಿನ ಯಾರೂ ಕರೆಯದೆ ಜನ ಬಂದರು. ಪೆಂಡಾಲು ಹಾಕಿಸಿದವರು, ಕುರ್ಚಿ ತರಿಸಿದವರು, ಕ್ರಿಯಾಸಮಾಧಿಗೆ ಬೇಕಾದ ವಿಭೂತಿ, ಪತ್ರೆಗಳನ್ನು ಹೊಂದಿಸಿದವರು, ಜಗಲೂರು ಹೊನ್ನಾಳಿಗಳಿಂದ ಬಂದ ಬೀಗರಿಗೆ ಪಕ್ಕದ ಮನೆಯಲ್ಲಿ ಅನ್ನ ಸಾರು ಮಾಡಿ ಬಡಿಸಿದವರು, ಇವರಲ್ಲಿ ಅರ್ಧ ಜನರ ಹೆಸರು ನಮಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. ಊರಿನ ಪತ್ರಿಕೆಯಲ್ಲಿ ಭಾವಚಿತ್ರದೊಂದಿಗೆ ಕೈಲಾಸ ಶಿವಗಣಾರಾಧನೆಯ ಆಹ್ವಾನ ಪ್ರಕಟವಾಯಿತು. ಅಂದು ಊಟಕ್ಕೆ ಕುಳಿತವರ ಪಂಕ್ತಿ ಬೀದಿಯವರೆಗೂ ಬಂದಿತ್ತು. ದುಃಖದಲ್ಲಿರುವ ಮನೆಯನ್ನು ಎತ್ತಿ ಹಿಡಿಯುವ ವಿಷಯದಲ್ಲಿ ನಮ್ಮ ಬಯಲುಸೀಮೆಯ ಜನರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಈಗಲೂ ನಂಬಿದ್ದೇನೆ.

ಆದರೆ ಆ ಜನರೇ ಆಡಿದ ಮಾತುಗಳು ಬೇರೆ ರೀತಿಯವು. "ಅತ್ರೆ ಹೋದೋರು ಬರ್ತಾರೇನವ್ವ", "ಮಕ್ಕಳ ಮಾರಿ ನೋಡಿ ಧೈರ್ಯ ತಗೋ", "ಪುಣ್ಯವಂತ, ಯಾರ ಕೈಲೂ ಮಾಡಿಸ್ಕೊಳ್ಳದಂಗ ಹೋದ". ಒಂದೊಂದೂ ಪ್ರೀತಿಯಿಂದ ಬಂದ ಮಾತೇ. ಆದರೂ ಅವೆಲ್ಲ ಸೇರಿ ಅಕ್ಕನ ಬಾಯಿ ಕಟ್ಟಿದವು. ಅತ್ತರೆ ಮಕ್ಕಳಿಗೆ ನೋವಾಗುತ್ತದೆ, ಭಾವನವರ ಮಾತು ತೆಗೆದರೆ ಬಂದವರು ವಿಷಯ ಬದಲಿಸುತ್ತಾರೆ ಎಂದು ಅವಳು ಬಹಳ ಬೇಗ ಕಲಿತುಬಿಟ್ಟಳು. ಆರಾಧನೆಯ ಮರುದಿನ ಪೆಂಡಾಲು ಬಿಚ್ಚಿದರು, ಮಗ ಬೆಂಗಳೂರಿನ ಕೆಲಸಕ್ಕೆ ಹೊರಟ, ಮಗಳು ಗಂಡನ ಮನೆಗೆ ಹೋದಳು. ನಂತರದ ವಾರಗಳಲ್ಲಿ ಅವಳು ತಿನ್ನುವುದು ಕಡಿಮೆಯಾಯಿತು, ರಾತ್ರಿ ಎರಡು ಮೂರು ಗಂಟೆಗೆ ಎದ್ದು ಕೂರುವುದು ಹೆಚ್ಚಾಯಿತು.

ನಿದ್ದೆಯ ಸಲುವಾಗಿ ಮೊದಲು ಹೋದದ್ದು ನಗರದ ಒಂದು ಖಾಸಗಿ ಕ್ಲಿನಿಕ್ಕಿಗೆ. ಅಲ್ಲಿ ಸರದಿ ಬಂದು ನಾವು ಕುರ್ಚಿಯ ಮೇಲೆ ಸರಿಯಾಗಿ ಕೂರುವ ಮೊದಲೇ ನಿದ್ದೆ ಮಾತ್ರೆಯ ಚೀಟಿ ಸಿದ್ಧವಾಗಿತ್ತು. ಯಜಮಾನರು ತೀರಿಕೊಂಡಿದ್ದಾರೆ ಎಂದು ನಾನೇ ಹೇಳಿದಾಗ, "ವಯಸ್ಸೆಷ್ಟಾಗಿತ್ತು?" ಎಂಬ ಒಂದು ಪ್ರಶ್ನೆ ಬಂತು. ಅರವತ್ತು ದಾಟಿತ್ತು ಎಂಬ ಉತ್ತರ ಕೇಳಿ ವೈದ್ಯರು ತಲೆಯಾಡಿಸಿ ಮುಂದಿನವರನ್ನು ಕರೆದರು. ಮಾತ್ರೆಯಿಂದ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ತಲೆಭಾರ, ಮನೆಯ ಮೌನ ಹಾಗೆಯೇ ಇತ್ತು. ಮಾತ್ರೆಯನ್ನು ನಾನು ದೂರುತ್ತಿಲ್ಲ. ಕೆಲವರಿಗೆ ಕೆಲವು ಕಾಲ ಅದು ಬೇಕೇ ಆಗಬಹುದು. ಆದರೆ ಹೊಸದಾಗಿ ಗಂಡನನ್ನು ಕಳೆದುಕೊಂಡ ಹೆಂಗಸಿನ ಬಳಿ ಆ ಗಂಡನ ಬಗ್ಗೆ ಒಂದು ಮಾತನ್ನೂ ಕೇಳದೆ ಚೀಟಿ ಬರೆದುಕೊಟ್ಟದ್ದನ್ನು ಚಿಕಿತ್ಸೆಯೆಂದು ಒಪ್ಪಲು ನನ್ನಿಂದ ಸಾಧ್ಯವಿಲ್ಲ.

14416ಕ್ಕೆ ಕರೆ ಮಾಡಿದ್ದು ಒಂದು ಸಂಜೆ. ಭಾಷೆಯನ್ನು ಆರಿಸಿಕೊಳ್ಳುವ ಸೂಚನೆಯ ಬಳಿಕ ಹೆಣ್ಣುಮಗಳೊಬ್ಬರ ದನಿ ಕೇಳಿಬಂತು. ಮೊದಲು ನಾನು ಮಾತನಾಡಿ ವಿಷಯ ತಿಳಿಸಿದೆ; ಅವರು ನನ್ನ ಮಾತನ್ನು ಪೂರ್ತಿ ಕೇಳಿ, "ಅಮ್ಮನವರಿಗೆ ಮಾತಾಡೋಕೆ ಇಷ್ಟ ಇದೆಯಾ ಅಂತ ಅವರನ್ನೇ ಒಮ್ಮೆ ಕೇಳ್ತೀರಾ?" ಎಂದರು. ದುಃಖದಲ್ಲಿರುವವರ ಪರವಾಗಿ ಉಳಿದವರೆಲ್ಲ ತೀರ್ಮಾನ ಮಾಡುತ್ತಿದ್ದ ಆ ದಿನಗಳಲ್ಲಿ ಅಕ್ಕನ ಇಷ್ಟವನ್ನು ಕೇಳಿದ ಮೊದಲ ವ್ಯಕ್ತಿ ಅವರೇ. ಅಕ್ಕ ಫೋನು ತೆಗೆದುಕೊಂಡು ಮಹಡಿಯ ಮೆಟ್ಟಿಲ ಮೇಲೆ ಹೋಗಿ ಕುಳಿತಳು. ಮುಂದಿನ ಮಾತುಕತೆಯಲ್ಲಿ ನಾನು ಕೇಳಿಸಿಕೊಂಡದ್ದು ಸ್ವಲ್ಪ, ಉಳಿದದ್ದನ್ನು ಅವಳೇ ನಂತರ ಹೇಳಿದಳು.

ಬಹಳ ಹೊತ್ತು ಅವಳು ಅತ್ತಳಂತೆ. ಆ ಕಡೆಯವರು ಅಳಬೇಡಿ ಎನ್ನಲಿಲ್ಲ, ಕರೆ ಕತ್ತರಿಸಲೂ ಇಲ್ಲ. "ನಾನು ಇಲ್ಲೇ ಇದ್ದೀನಮ್ಮ, ಅವಸರ ಇಲ್ಲ" ಎಂದಷ್ಟೇ ನಡುನಡುವೆ ಹೇಳುತ್ತಿದ್ದರು. ನಂತರ ಭಾವನವರ ಬಗ್ಗೆ ಕೇಳಿದರು. ಯಾವಾಗ ತೀರಿಕೊಂಡರು, ಹೇಗೆ ಎಂಬುದನ್ನು ಕೇಳಿ ಬಿಡದೆ, ಅವರು ಹೇಗಿದ್ದರು, ಏನು ಇಷ್ಟಪಡುತ್ತಿದ್ದರು, ಮದುವೆಯಾದ ಹೊಸದರಲ್ಲಿ ಎಲ್ಲಿದ್ದಿರಿ ಎಂದೆಲ್ಲ ಕೇಳಿದರು. ಅಕ್ಕ "ಮನಿ ಬಿಕೋ ಅಂತತಿ" ಎಂದಾಗ ಅವರು ಮತ್ತೊಂದು ಪ್ರಶ್ನೆ ಹಾಕಿದರು: "ದಿನದಲ್ಲಿ ಯಾವ ಹೊತ್ತು ತುಂಬ ಕಷ್ಟ ಆಗುತ್ತಮ್ಮ?"

ನಮ್ಮಲ್ಲಿ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ರಾತ್ರಿಯೇ ಕಷ್ಟವೆಂದು ಎಲ್ಲರೂ ಅಂದುಕೊಂಡಿದ್ದೆವು. ಅಕ್ಕ ಕೊಟ್ಟ ಉತ್ತರ ಸಂಜೆ ಏಳು ಗಂಟೆ. ಭಾವನವರು ಯಾರ್ಡಿನಿಂದ ಬರುವಾಗ ಗಡಿಯಾರ ಕಂಬದ ಕಡೆಯಿಂದ ಸುತ್ತು ಹಾಕಿಕೊಂಡು, ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣ ಹಿಡಿದು ಆ ಹೊತ್ತಿಗೆ ಗೇಟು ತೆರೆಯುತ್ತಿದ್ದರು. ಈಗಲೂ ಆ ಹೊತ್ತಿಗೆ ಅವಳು ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬರುತ್ತಿದ್ದಳು, ಬಂದು ಅಲ್ಲೇ ನಿಂತುಬಿಡುತ್ತಿದ್ದಳು, ಎಣ್ಣೆ ಮೆತ್ತಿದ ಆ ಪತ್ರಿಕೆಯ ಹಾಳೆಯ ವಾಸನೆಯೂ ಬಂದಂತಾಗುತ್ತಿತ್ತು. ತನಗೆ ತಲೆ ಕೆಡುತ್ತಿದೆಯೇನೋ ಎಂಬ ಭಯದಿಂದ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ವರ್ಷಗಟ್ಟಲೆ ಜೊತೆಗಿದ್ದವರನ್ನು ಕಳೆದುಕೊಂಡವರಿಗೆ ಅವರ ಹೆಜ್ಜೆ ಸಪ್ಪಳ ಕೇಳಿದಂತೆ, ಅವರು ಬಂದಂತೆ ಅನಿಸುವುದು ಸಾಮಾನ್ಯವೆಂದೂ, ಇದು ಹುಚ್ಚಲ್ಲವೆಂದೂ ಆಪ್ತಸಮಾಲೋಚಕಿ ಸ್ಪಷ್ಟವಾಗಿ ತಿಳಿಸಿದರು. ಆ ಒಂದು ಮಾತಿನಿಂದ ಅಕ್ಕನಿಗೆ ಆದ ನಿರಾಳ ನನ್ನ ಕಣ್ಣಿಗೂ ಕಂಡಿತು. ಏಳು ಗಂಟೆಯ ಹೊತ್ತಿಗೆ ಯಾರಾದರೂ ಜೊತೆಗೆ ಇರುವಂತೆ ನೋಡಿಕೊಳ್ಳಲು ಆಗುತ್ತದೆಯೇ ಎಂದು ಅವರು ಕೇಳಿದರು. ಎದುರುಮನೆಯ ಹೆಂಗಸೊಬ್ಬರು ಅಂದಿನಿಂದ ಹೂ ಕಟ್ಟುವ ಕೆಲಸವನ್ನು ಅಕ್ಕನ ಪಡಸಾಲೆಗೆ ತಂದು ಮಾಡತೊಡಗಿದರು. ಇಷ್ಟು ಸಣ್ಣ ಏರ್ಪಾಟು ಇಷ್ಟೊಂದು ಫಲ ಕೊಟ್ಟದ್ದಕ್ಕೆ ಕಾರಣ, ಅದು ಅವಳದೇ ಕಷ್ಟದ ಹೊತ್ತಿಗೆ ಹೊಂದಿಕೊಂಡದ್ದು.

ನಂತರದ ಕರೆಗಳಲ್ಲಿ ಅಕ್ಕನನ್ನು ಕಾಡುತ್ತಿದ್ದ ಇನ್ನೊಂದು ವಿಷಯ ಹೊರಬಂತು. ಮರಣ ಪ್ರಮಾಣಪತ್ರ, ಬ್ಯಾಂಕಿನ ನಾಮನಿರ್ದೇಶನ, ಗ್ಯಾಸ್ ಸಂಪರ್ಕದ ಹೆಸರು ಬದಲಾವಣೆ ಇವುಗಳ ಹಿಂದೆ ಓಡಾಡುವ ದಿನಗಳಲ್ಲಿ ಅವಳಿಗೆ ಅಳು ಬರುತ್ತಿರಲಿಲ್ಲ, ಒಮ್ಮೊಮ್ಮೆ ನಗುವೂ ಬರುತ್ತಿತ್ತು. ಮರುದಿನ ಅದಕ್ಕಾಗಿ ತನ್ನನ್ನೇ ಹಳಿದುಕೊಳ್ಳುತ್ತಿದ್ದಳು. ಒಂದು ದಿನ ನೆನಪಿನಲ್ಲಿ ಮುಳುಗಿ, ಇನ್ನೊಂದು ದಿನ ಮುಂದಿನ ಬದುಕಿನ ಕೆಲಸಕ್ಕೆ ಕೈಹಾಕಿ, ಹೀಗೆ ಎರಡರ ನಡುವೆ ಹೋಗಿ ಬರುವುದೇ ದುಃಖದ ಸಹಜವಾದ ನಡಿಗೆ ಎಂದು 1999ರಲ್ಲಿ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು ವಿವರಿಸಿದ್ದಾರೆ. ಕರೆಯಲ್ಲಿ ಮಾತನಾಡಿದವರು ಯಾವ ಸಂಶೋಧಕರ ಹೆಸರನ್ನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. "ಬ್ಯಾಂಕಿಗೆ ಹೋದ ದಿನ ನೀವು ಅವರನ್ನ ಮರೆತಿಲ್ಲಮ್ಮ, ಅವರು ಬಿಟ್ಟುಹೋದ ಮನೆಯನ್ನ ನೋಡಿಕೊಂಡಿದ್ದೀರಿ" ಎಂದರು. ಅಕ್ಕ ಆ ಮಾತನ್ನು ಮಗಳಿಗೂ ಹೇಳಿದ್ದಾಳೆ.

ಇಲ್ಲಿ ಒಂದು ಮಾತು ಸೇರಿಸಬೇಕೆನಿಸುತ್ತದೆ. ದುಃಖಕ್ಕೆ ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳಿವೆಯೆಂದು ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಓದಿದವರು, ಆರಾಧನೆಗೆ ಬಂದವರಲ್ಲಿಯೂ ಇದ್ದರು, ಮತ್ತು ಅಕ್ಕ ಎಷ್ಟನೆಯ ಹಂತದಲ್ಲಿದ್ದಾಳೆಂದು ಲೆಕ್ಕ ಹಾಕುತ್ತಿದ್ದರು. 1969ರಲ್ಲಿ ಮಂಡನೆಯಾದ ಆ ಐದು ಹಂತಗಳು ಗುಣವಾಗದ ಕಾಯಿಲೆಯಿಂದ ಸಾವನ್ನು ಎದುರು ನೋಡುತ್ತಿದ್ದ ರೋಗಿಗಳನ್ನು ಮಾತನಾಡಿಸಿ ರೂಪಿಸಿದವು. ಉಳಿದವರ ದುಃಖಕ್ಕೆ ಅವನ್ನು ಅನ್ವಯಿಸಿದ್ದು ಆಮೇಲೆ. ಎಲ್ಲರೂ ಅದೇ ಕ್ರಮದಲ್ಲಿ ಅವುಗಳನ್ನು ದಾಟಲೇಬೇಕೆಂಬ ನಿಯಮವಿಲ್ಲ. ನಾವು ಮಾತನಾಡಿದ ಯಾವ ಕರೆಯಲ್ಲಿಯೂ ಈ ಹಂತಗಳ ಪಟ್ಟಿ ಕೇಳಿಬರಲಿಲ್ಲ ಎಂಬುದನ್ನು ಸೇವೆಯ ಗುಣಮಟ್ಟದ ಗುರುತಾಗಿ ನಾನು ನೋಡುತ್ತೇನೆ.

ಸೇವೆಯ ವ್ಯವಸ್ಥೆ ಎರಡು ಮಟ್ಟಗಳದ್ದು. ಕರೆಗೆ ಮೊದಲು ಸಿಗುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಮಾತಿನಿಂದ ಆಗದ, ವೈದ್ಯರೇ ನೋಡಬೇಕಾದ ಸ್ಥಿತಿಯೆಂದು ಕಂಡರೆ ಎರಡನೆಯ ಮಟ್ಟದ ತಜ್ಞರಿಗೆ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ದಾರಿ ತೋರುತ್ತಾರೆ. ಎಲ್ಲ ದುಃಖವೂ ಕಾಯಿಲೆಯಲ್ಲ, ಆದರೆ ಕೆಲವರಲ್ಲಿ ಅದು ಬದುಕನ್ನೇ ನಿಲ್ಲಿಸಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದ್ದು, ದೀರ್ಘಕಾಲದ ಶೋಕವನ್ನು ಪ್ರತ್ಯೇಕ ಸಮಸ್ಯೆಯಾಗಿ ಗುರುತಿಸಿದೆ. ಕನಿಷ್ಠ ಆರು ತಿಂಗಳು ಕಳೆದರೂ ತೀವ್ರ ಹಂಬಲ ಮತ್ತು ನೋವು ತಗ್ಗದೆ, ದೈನಂದಿನ ಬದುಕಿಗೆ ಅಡ್ಡಿಯಾಗಿ, ಆಯಾ ಸಮಾಜದ ರೂಢಿಯಲ್ಲಿ ಸಹಜವೆನಿಸುವುದನ್ನು ಮೀರಿದ್ದರೆ ಮಾತ್ರ ಅದು ಈ ಹೆಸರಿಗೆ ಸೇರುತ್ತದೆ. ವರ್ಷದ ತಿಥಿಯ ದಿನ ಅತ್ತರೆ, ಪ್ರತಿ ದೀಪಾವಳಿಗೆ ಕಣ್ಣು ತುಂಬಿದರೆ ಅದು ರೋಗವಲ್ಲ. ಊಟ ಬಿಟ್ಟು ಮೈ ಸೊರಗುತ್ತಿದ್ದರೆ, ಕುಡಿತ ಹೆಚ್ಚಾಗಿದ್ದರೆ, "ನಾನೂ ಅವರ ಹಿಂದೇ ಹೋಗ್ತೀನಿ" ಎಂಬ ಮಾತು ಬಾಯಿಗೆ ಬಂದಿದ್ದರೆ ಆರು ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ. ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಕರೆ ಮಾಡಬೇಕು, ಆಸ್ಪತ್ರೆಗೂ ಕರೆದೊಯ್ಯಬೇಕು.

ಎದುರು ಕುಳಿತು ಮಾತನಾಡಬಯಸುವವರಿಗೆ ದಾವಣಗೆರೆ ನಗರದಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮವನ್ನು ರಾಜ್ಯ ಸರಕಾರ ನಡೆಸುತ್ತಿದೆ. ಚನ್ನಗಿರಿ, ಜಗಲೂರಿನ ಕಡೆಯವರು ಬಸ್ಸಿನ ಖರ್ಚು ಮಾಡಿಕೊಂಡು ನಗರಕ್ಕೆ ಬರುವ ಮೊದಲು ತಮ್ಮ ಆಸ್ಪತ್ರೆಯಲ್ಲಿ ಇದನ್ನು ವಿಚಾರಿಸುವುದು ಒಳ್ಳೆಯದು.

ಮಿತಿಗಳ ವಿಷಯಕ್ಕೆ ಬರೋಣ. ಇವು ಈ ಒಂದು ಸೇವೆಯ ದೋಷಗಳೆನ್ನುವುದಕ್ಕಿಂತ ದೂರವಾಣಿಯ ಮೂಲಕ ಕೊಡುವ ಯಾವ ಸಾಂತ್ವನಕ್ಕೂ ಇರುವ ಗಡಿಗಳು. ಫೋನಿನಲ್ಲಿ ಯಾರೂ ಕೈ ಹಿಡಿದುಕೊಳ್ಳಲಾರರು, ಒಂದು ಲೋಟ ನೀರು ಕೊಡಲಾರರು. ಕಿವಿ ಮಂದವಾದ ಹಿರಿಯರಿಗೆ ಇದು ಉಪಯೋಗವಾಗುವುದು ಕಷ್ಟ. ಅದಕ್ಕಿಂತ ದೊಡ್ಡ ತೊಡಕು ಏಕಾಂತದ್ದು. ಅಕ್ಕನಿಗೆ ಮಹಡಿಯ ಮೆಟ್ಟಿಲಿತ್ತು. ಒಂದೇ ಕೋಣೆಯ ಮನೆಯಲ್ಲಿ ಅತ್ತೆ, ಮೈದುನ, ಮಕ್ಕಳ ನಡುವೆ ಬದುಕುವ ಎಳೆಯ ವಿಧವೆಯೊಬ್ಬಳು ತನ್ನ ಮನಸ್ಸನ್ನು ಎಲ್ಲಿ ಕುಳಿತು ಹೇಳಿಕೊಳ್ಳಬೇಕು? ಅಂಥವರನ್ನು ಬಲ್ಲ ನೆರೆಯವರು ತಮ್ಮ ಮನೆಯ ಒಂದು ಕೋಣೆಯನ್ನು ಅರ್ಧ ಗಂಟೆ ಬಿಟ್ಟುಕೊಟ್ಟರೆ ಅದೂ ಸೇವೆಯ ಭಾಗವೇ ಆಗುತ್ತದೆ ಎಂದು ನಾನು ತಿಳಿದಿದ್ದೇನೆ. ಅಲ್ಲದೆ, ಬೇರೆ ಹೊತ್ತಿನಲ್ಲಿ ಕರೆ ಮಾಡಿದಾಗ ಬೇರೆಯವರು ಮಾತಿಗೆ ಸಿಗಬಹುದು, ಕಥೆಯನ್ನು ಮೊದಲಿನಿಂದ ಹೇಳಬೇಕಾಗಬಹುದು ಎಂಬುದಕ್ಕೆ ಸಿದ್ಧರಿರಬೇಕು. ಅಕ್ಕನ ಮಟ್ಟಿಗೆ ಅದು ತೊಂದರೆಯಾಗಲಿಲ್ಲ, ಭಾವನವರ ಕಥೆಯನ್ನು ಇನ್ನೊಮ್ಮೆ ಹೇಳುವ ಅವಕಾಶವೆಂದೇ ಅವಳು ತೆಗೆದುಕೊಂಡಳು.

ನನಗೆ ನಿಜವಾದ ಬೇಸರವಿರುವುದು ಈ ಸಂಖ್ಯೆ ಬೇಕಾದವರ ಕಣ್ಣಿಗೆ ಬೇಕಾದ ಹೊತ್ತಿನಲ್ಲಿ ಬೀಳುವುದಿಲ್ಲ ಎಂಬ ಬಗ್ಗೆ. ನಮ್ಮ ಊರಿನಲ್ಲಿ ಸಾವಿನ ಮನೆಯವರು ಓದಿಯೇ ಓದುವ ಕಾಗದ ಎಂದರೆ ಆರಾಧನೆಯ ಆಹ್ವಾನ ಪತ್ರಿಕೆ. ಅದರ ಕರಡನ್ನು ಮುದ್ರಣಾಲಯದವರು ತಂದುಕೊಟ್ಟಾಗ ಹೆಸರುಗಳು ಬಿಟ್ಟುಹೋಗಿವೆಯೇ ಎಂದು ಮನೆಮಂದಿಯೆಲ್ಲ ಸಾಲು ಸಾಲಾಗಿ ನೋಡುತ್ತಾರೆ. ಅದರ ಕೆಳಅಂಚಿನಲ್ಲಿ, ದುಃಖತಪ್ತ ಕುಟುಂಬ ವರ್ಗ ಎಂಬ ಸಾಲಿನ ಕೆಳಗೆ, ಈ ಐದು ಅಂಕಿಗಳನ್ನು ಮುದ್ರಿಸಲು ಹೆಚ್ಚಿನ ಖರ್ಚಿಲ್ಲ. ರುದ್ರಭೂಮಿಯ ಗೇಟಿನಲ್ಲಿ, ಪಾಲಿಕೆಯಲ್ಲಿ ಮರಣ ನೋಂದಣಿ ಮಾಡುವ ಕಿಟಕಿಯ ಪಕ್ಕದಲ್ಲಿ ಒಂದೊಂದು ಫಲಕ ಹಾಕಬಹುದು. ಮರಣವನ್ನು ಇಪ್ಪತ್ತೊಂದು ದಿನಗಳೊಳಗೆ ನೋಂದಾಯಿಸಬೇಕೆಂಬ ನಿಯಮವಿರುವುದರಿಂದ, ಮನೆಯವರಲ್ಲಿ ಯಾರಾದರೊಬ್ಬರು ಆ ಕಿಟಕಿಯ ಮುಂದೆ ನಿಂತೇ ನಿಲ್ಲುತ್ತಾರೆ.

ಗಂಡಸರು ಕರೆ ಮಾಡುವುದು ಇನ್ನೂ ಕಷ್ಟ. ಅಕ್ಕನ ಮಗ ತಂದೆಯ ಸಮಾಧಿಗೆ ಮಣ್ಣು ಹಾಕಿ ಬಂದವನು ಇಂದಿನವರೆಗೆ ಯಾರ ಮುಂದೆಯೂ ಕಣ್ಣೀರು ಹಾಕಿಲ್ಲ; ರಜೆಯಿಲ್ಲದೆ ದುಡಿಯುತ್ತಿದ್ದಾನೆ, ಊರಿಗೆ ಬರುವುದನ್ನು ಮುಂದೂಡುತ್ತಿದ್ದಾನೆ. ಅವನ ಬಗ್ಗೆ ಸಲಹೆ ಕೇಳಲು ನಾನೇ ಒಮ್ಮೆ ಕರೆ ಮಾಡಿದೆ. ದುಃಖದಲ್ಲಿರುವವರೇ ಮಾತನಾಡಬೇಕೆಂದಿಲ್ಲ, ಅವರ ಜೊತೆಗಿರುವವರೂ ಹೀಗೆ ಕೇಳಬಹುದು ಎಂಬುದು ಅನೇಕರಿಗೆ ತಿಳಿದಿಲ್ಲ. ಅಳದಿರುವುದನ್ನೇ ತಪ್ಪೆಂದು ಅವನಿಗೆ ಹೇಳಬೇಡಿ, ಒತ್ತಾಯ ಮಾಡಿ ಕರೆ ಮಾಡಿಸಬೇಡಿ, ತಂದೆಯ ಹೆಸರನ್ನು ಮನೆಯ ಮಾತಿನಲ್ಲಿ ಎಂದಿನಂತೆ ಬಳಸುತ್ತಿರಿ, ಅವನಿಗೆ ತಂದೆಯ ಜೊತೆಗಿದ್ದ ಕೆಲಸ ಯಾವುದಾದರೂ ಇದ್ದರೆ ಅದನ್ನು ಅವನೊಂದಿಗೆ ಮಾಡಿ ಎಂದು ಅವರು ತಿಳಿಸಿದರು. ಭಾವನವರ ಹಳೆಯ ಲೂನಾ ಒಂದು ಹಿತ್ತಿಲಲ್ಲಿ ನಿಂತಿದೆ. ಅಪ್ಪ ಮಗ ಸೇರಿ ಅದನ್ನು ಬಿಚ್ಚಿ ಜೋಡಿಸುತ್ತಿದ್ದರು. ಮುಂದಿನ ಬಾರಿ ಅವನು ಬಂದಾಗ ಅದನ್ನು ರಿಪೇರಿ ಮಾಡೋಣವೆಂದು ನಾನು ಹೇಳಿದ್ದಕ್ಕೆ ಅವನು ಬರುತ್ತೇನೆ ಎಂದಿದ್ದಾನೆ. 14416 ಅನ್ನು ಅವನ ಫೋನಿಗೂ ಕಳುಹಿಸಿದ್ದೇನೆ. ಅವನು ಇನ್ನೂ ಕರೆ ಮಾಡಿಲ್ಲ, ನಾನೂ ಕೇಳಿಲ್ಲ.